ಲಾರಿಗೆ ಗೃಹಪ್ರವೇಶ ಮಾಡಿದ ವರ್ಷ

ನಮ್ಮ ಸ್ವಾತಿಗೆ ಲಾರಿ ಓಡಿಸುವ ಲೈಸೆನ್ಸ್ ಬಂತು! ಸ್ವಾತಿ ಅಂದರೆ ನನ್ನ ಮೊಮ್ಮಗಳು, ಹಿರೀ ಮಗನ ಮಗಳು. ಸ್ಕೂಟರಿನದ್ದಲ್ಲ, ಕಾರಿನದ್ದಲ್ಲ, ದೊಡ್ಡ ಗಾಡಿಯದ್ದು. ಬೆಳಿಗ್ಗೆಯಿಂದ ಹಾಲಿನ ಬೂತಿನವರಿಗೆ ಹೇಳಿದ್ದೇನೆ, ಹೂವಿನವಳಿಗೆ ಹೇಳಿದ್ದೇನೆ, ನಮ್ಮ ಗಿರಣಿಗೆ ರಾಗಿ ಬೀಸಿಸಲು ಬಂದವರಿಗೆಲ್ಲ ಅವರು ಡಬ್ಬ ಕೆಳಗಿಡುವ ಮೊದಲೇ ಹೇಳಿದ್ದೇನೆ. ಒಬ್ಬರು "ಹೆಣ್ಮಗೂಗೆ ಲಾರಿ ಯಾಕಜ್ಜಿ?" ಅಂದರು. ಅವರ ಹಿಟ್ಟನ್ನು ಸ್ವಲ್ಪ ತರಿಯಾಗಿಯೇ ಬೀಸಿ ಕೊಟ್ಟೆ.

ಟೆಸ್ಟ್ ಮಾಡಿದ ಸಾಹೇಬರು "ಏನಮ್ಮ, ಇಷ್ಟು ದೊಡ್ಡ ಗಾಡಿ ನಿನ್ನ ಕೈಗೆ ಬಗ್ಗುತ್ತಾ?" ಅಂದರಂತೆ. ಇವಳು "ಸಾರ್, ನಮ್ಮನೇಲಿ ಎಲ್ಲಾರ್ಗಿಂತ ಮಾತು ಕೇಳೋದು ಅದೊಂದೇ" ಅಂದಳಂತೆ. ಮಗು ಹೇಳಿದ್ದು ನಿಜ. ನಾಳೆ ಬೆಳಿಗ್ಗೆ ಅವಳೇ ಓಡಿಸುತ್ತಾಳೆ, ನಾವೆಲ್ಲ ಹಿಂದೆ ಕೂರುತ್ತೇವೆ, ಬನಶಂಕರಿಯ ಈ ಮನೆಗೆ ಬೀಗ ಹಾಕಿ ಹೊರಡುತ್ತೇವೆ.

ಈಗ ಅವಳು ಹೊರಗೆ ಲಾರಿಯ ಹಲಗೆಯ ಕಬ್ಬಿಣಕ್ಕೆ ಕೆಂಪು ಆಕ್ಸೈಡ್ ಬಳಿಯುತ್ತಿದ್ದಾಳೆ. ಆ ವಾಸನೆ ಅಡಿಗೆಮನೆಗೆ ಬಂತು. ಗಿರಣಿಯ ಬಿಸಿ ಹಿಟ್ಟಿನ ವಾಸನೆಯ ಜೊತೆ ಅದು ಸೇರಿತು ನೋಡಿ, ನನಗೆ ಲಾರಿ ಮನೆಗೆ ಬಂದ ಆ ವರ್ಷ ಪೂರ್ತಿ ಎದ್ದು ಬಂತು. ಅಯ್ಯೋ ಶಿವನೇ, ಎಂಥಾ ವರ್ಷ! ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ನಾನು ನಕ್ಕಿದ್ದು ಯಾರೂ ಕಂಡಿಲ್ಲ.

ಮೊದಲು ನಮ್ಮ ಮನೆಯ ರೀತಿ ಹೇಳಬೇಕು. ನಮ್ಮತ್ತೆ ಒಂದು ಮಾತು ಹಾಕಿಕೊಟ್ಟು ಹೋಗಿದ್ದರು: ಸಂಜೆ ಹೊತ್ತು ಮನೆಯಲ್ಲಿ ದೀಪ ಇಲ್ಲದೆ ಇರಬಾರದು, ಆದ್ದರಿಂದ ಮನೆಯಲ್ಲಿ ಒಬ್ಬರಾದರೂ ಇರಬೇಕು. ಅವರಿರುವ ತನಕ ಆ ಒಬ್ಬರು ಅವರು. ಅವರು ಹೋದ ಮೇಲೆ ನಾನು. ನಮ್ಮ ಯಜಮಾನರು, ಇಬ್ಬರು ಗಂಡುಮಕ್ಕಳು, ಸೊಸೆ, ಮೊಮ್ಮಕ್ಕಳು, ಯಾವಾಗಲೂ ಬಂದು ಹೋಗುವ ನನ್ನ ನಾದಿನಿ, ಎಲ್ಲರೂ ಸಿದ್ಧಗಂಗೆಗೆ ಹೋಗಿದ್ದಾರೆ, ಶಿವಗಂಗೆಗೆ ಹೋಗಿದ್ದಾರೆ, ಮೇಕೆದಾಟಿಗೆ ಹೋಗಿದ್ದಾರೆ. ನಾನು ಬುತ್ತಿ ಕಟ್ಟಿದ್ದೇನೆ. ಕಟ್ಟುವಾಗ ಒಂದು ಪಾಲು ತಟ್ಟೆಗೆ ಎತ್ತಿ ಮುಚ್ಚಿಡುತ್ತಿದ್ದೆ. ಅದು "ಮನೇಲಿರೋರ ಪಾಲು". ಅವರನ್ನೆಲ್ಲ ಕಳಿಸಿ, ಗಿರಣಿಗೆ ಬಂದವರ ಡಬ್ಬಗಳನ್ನು ಕೊಟ್ಟು, ನೀರು ಬಂದಾಗ ಸಂಪಿನ ತೊಟ್ಟಿಗೆ ಬಿಟ್ಟು, ದೀಪ ಹಚ್ಚಿ, ಆಮೇಲೆ ಆ ತಣ್ಣನೆಯ ತಟ್ಟೆ ಮುಂದಿಟ್ಟುಕೊಳ್ಳುತ್ತಿದ್ದೆ. ನನಗೆ ಅದರಲ್ಲಿ ದುಃಖವೇನೂ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಹೀಗಿರುವಾಗ ನಮ್ಮ ಎರಡನೇ ಮಗ ಸತೀಶನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದರು. ಹುಡುಗಿಯ ಕಡೆಯ ಹಿರಿಯರೊಬ್ಬರು ಸೋಫಾದಲ್ಲಿ ಕೂತು ನಮ್ಮ ಫೋಟೋ ಆಲ್ಬಂ ತಿರುವುತ್ತಿದ್ದರು. ಬೆಟ್ಟದ ಮೇಲೆ ಎಲ್ಲರೂ, ಹೊಳೆಯಲ್ಲಿ ಎಲ್ಲರೂ, ಮಠದ ಮುಂದೆ ಎಲ್ಲರೂ. ಕೊನೆಯ ಹಾಳೆ ಮಗುಚಿ, ಆಲ್ಬಂ ಮುಚ್ಚಿ, ನಮ್ಮ ಯಜಮಾನರ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು:

"ತಾಯಿಯವರು ತೀರ್ಕೊಂಡು ಎಷ್ಟು ವರ್ಷ ಆಯ್ತು, ಯಜಮಾನ್ರೇ?"

ನಾನು ಅವರಿಗೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ಅಡಿಗೆಯವಳು ಅಂದುಕೊಂಡಿದ್ದರಂತೆ ಪಾಪ. ನಾನೇ ಹೇಳಿದೆ: "ಇನ್ನೂ ತೀರ್ಕೊಂಡಿಲ್ಲ. ಉಪ್ಪಿಟ್ಟು ಆರೋಗುತ್ತೆ, ತಗೊಳಿ."

ಸಂಬಂಧವೇನೋ ಕೂಡಿ ಬಂತು, ಮದುವೆ ಒಂದು ವರ್ಷ ಬಿಟ್ಟು ಎಂದಾಯಿತು. ಆ ಹಿರಿಯರು ಇವತ್ತಿಗೂ ನನ್ನ ಕಂಡರೆ ಚಪ್ಪಲಿ ಹುಡುಕುತ್ತಾರೆ. ಆದರೆ ಹಿರೀ ಮಗ ಮಹೇಶ ಆ ದಿನ ಎದ್ದು ಹೋಗಿ ಗಿರಣಿಯ ಬೆಲ್ಟ್ ಬಿಚ್ಚಿ ಮತ್ತೆ ಹಾಕುತ್ತ ಕೂತ. ಅವನಿಗೆ ಮನಸ್ಸು ಕೆಟ್ಟರೆ ಯಾವುದಾದರೂ ಮಿಷನ್ ಬಿಚ್ಚಬೇಕು. ನಾನು ಹೋಗಿ "ಬಾರೋ, ಕಾಫಿ ಕುಡಿ" ಅಂದೆ. "ಬರ್ತೀನಿ ಹೋಗಮ್ಮ" ಅಂದ. ಮುಖ ಎತ್ತಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಬೀದಿಗೆ ಭೂಮಿ ನಡುಗುವ ಸದ್ದಾಯಿತು. ಪಕ್ಕದ ಖಾಲಿ ಸೈಟಿನೊಳಕ್ಕೆ ಮುಂಭಾಗವೊಂದು ಬಿಟ್ಟರೆ ಮೈಯೇ ಇಲ್ಲದ ಲಾರಿಯೊಂದು ಬಂದು ನಿಂತಿತು. ಹಿಂದೆ ಬರೀ ಉದ್ದ ಕಬ್ಬಿಣದ ತೊಲೆಗಳು, ಕೆಳಗೆ ನನ್ನ ಎದೆಯೆತ್ತರದ ಚಕ್ರ. ಮಿಲಿಟರಿಯವರು ಹರಾಜು ಹಾಕಿದ್ದಂತೆ. ಮಹೇಶ ಮೇಲಿಂದ ಧುಮುಕಿದ.

"ಅಮ್ಮ, ನೋಡು. ನಾಲ್ಕು ಚಕ್ರಾನೂ ಎಳೆಯುತ್ತೆ. ಕೆಸರು, ಕಲ್ಲು, ಹೊಳೆ ಏನೇ ಇರ್ಲಿ ಹೋಗುತ್ತೆ. ಇದ್ರ ಮೇಲೆ ಮನೆ ಕಟ್ತೀನಿ."

"ಮನೆ ಇದೆಯಲ್ಲೋ, ಇನ್ನೊಂದು ಯಾಕೆ?"

"ಆ ಮನೆ ಬಿಟ್ಟು ನೀನು ಬರಲ್ವಲ್ಲ. ಅದಕ್ಕೆ."

"ಬೇಕಾದ್ರೆ ಟೆಂಪೋ ಮಾಡ್ಕೊಂಡು ಹೋಗಿ. ಲಾರಿ ಬೇಕೇನೋ?"

"ಟೆಂಪೋದಲ್ಲಿ ಹೋದ್ರೆ ಲಾಡ್ಜಲ್ಲಿರ್ಬೇಕು. ನೀನು ಹೊರಗಡೆ ಊಟ ಮಾಡಲ್ಲ. ಲಿಂಗಪೂಜೆ ಆಗ್ದೆ ನೀರೂ ಕುಡಿಯಲ್ಲ. ನಿನ್ನ ಪೂಜೆ, ನಿನ್ನ ನೀರು, ನಿನ್ನ ಒಲೆ, ಎಲ್ಲಾ ಜೊತೇಲೇ ಬಂದ್ರೆ?"

ಅವನು ಹಾಗಂದಾಗ ನನಗೆ ಸಂತೋಷ ಆಗಬೇಕಿತ್ತು ತಾನೇ? ಸಿಟ್ಟು ಬಂತು. ಒಂದು ಫೋಟೋದಲ್ಲಿ ಅಮ್ಮ ಇಲ್ಲ ಅಂತ ಯಾರಾದರೂ ಲಾರಿ ತರುತ್ತಾರಾ? ಸಣ್ಣವನಿದ್ದಾಗಲೂ ಹಾಗೇ, ಸೊಳ್ಳೆ ಕಚ್ಚಿತು ಅಂದರೆ ಗೋಡೆ ಒಡೆಯಲು ಹೊರಡುತ್ತಿದ್ದ.

ಬೇಸಿಗೆ ಪೂರ್ತಿ ಬೀದಿಯವರ ವಿಚಾರಣೆ. "ಬೋರ್‌ವೆಲ್ ಲಾರಿನಾ ಆಂಟಿ?" "ಮೊಬೈಲ್ ಕ್ಯಾಂಟೀನ್ ಮಾಡ್ತಿದೀರಾ?" ಎದುರುಮನೆಯ ಮೇಷ್ಟರು ಸರ್ಕಸ್ಸಿನವರಿಗೆ ಸೈಟು ಕೊಟ್ಟಿದ್ದಾರೆ ಅಂತಲೇ ನಂಬಿ, ಹುಲಿ ಬರುತ್ತದೆಯೇ ಅಂತ ಕೇಳಿದರು. ಮಹೇಶ ಭಾನುವಾರ ಬಂತೆಂದರೆ ಕಲಾಸಿಪಾಳ್ಯ, ಜೆ.ಸಿ. ರೋಡು, ಬೊಮ್ಮನಹಳ್ಳಿಯ ಫ್ಯಾಕ್ಟರಿಗಳ ಗುಜರಿ ಅಂತ ಸುತ್ತಿ, ಆಟೋದ ಎರಡೂ ಕಡೆ ಚಾಚಿಕೊಂಡ ಕಬ್ಬಿಣದ ಜೊತೆ ಬರುತ್ತಿದ್ದ. ಗಿರಣಿ ನಿಂತ ಮೇಲೆ ವೆಲ್ಡಿಂಗ್. ಅವನು ಕಿಡಿ ಹಾರಿಸಿದಾಗೆಲ್ಲ ಬೀದಿಯ ಟೀವಿಗಳು ಮಂಕಾಗುತ್ತಿದ್ದವು. ಧಾರಾವಾಹಿಯಲ್ಲಿ ಅಳುವವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಹೆಂಗಸರು ಬಂದು ನನ್ನ ಮೇಲೆ ಎಗರುತ್ತಿದ್ದರು. ಮಗ ಮಾಡುವುದು ಅವನ ಸುಖಕ್ಕೆ, ಬೈಗುಳ ಅಮ್ಮನಿಗೆ.

ಅದಲ್ಲದೆ ಪೇಂಟು! ಈ ಕೆಂಪು ಆಕ್ಸೈಡಿನ ವಾಸನೆ ಗಿರಣಿಯೊಳಗೆ ಹೊಕ್ಕು ಹಿಟ್ಟಿಗೆ ಹತ್ತಿತು. "ಚಪಾತಿ ಹೊಸ ಗೇಟಿನ ಥರ ಇದೆ ಕಣ್ರೀ" ಎಂದು ಹಿಟ್ಟು ವಾಪಸ್ ತಂದರು ಒಬ್ಬರು. ನಾನು ಲಾರಿ ಹತ್ತಿರ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಮಹೇಶ, ಈ ಲಾರಿ ಇರ್ಬೇಕು, ಇಲ್ಲಾ ಗಿರಣಿ ಇರ್ಬೇಕು."

"ಗಾಳಿ ಆ ಕಡೆಗೆ ಬೀಸ್ತಿದೆಯಮ್ಮ. ನಾಳೆ ತಿರುಗುತ್ತೆ."

"ಗಾಳಿ ತಿರುಗುತ್ತೆ. ನಿನ್ನ ತಲೆ ತಿರುಗಿದ್ದು ವಾಪಸ್ ಬರ್ಬೇಕಲ್ಲ?"

ಒಳಗೆ ಕೂತ ಸ್ವಾತಿ ಕಿಸಕ್ಕನೆ ನಕ್ಕಳು. ಆಗ ಅವಳು ಪ್ರೈಮರಿ ಸ್ಕೂಲು. ಹೋಂವರ್ಕನ್ನು ಸ್ಟೀರಿಂಗ್ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದಳು. ಅವಳ ಕಾಲು ಕೆಳಗೆ ಎಟುಕುತ್ತಿರಲಿಲ್ಲ.

ಮಳೆಗಾಲ ಬಂತು. ಸೈಟು ಕೆರೆಯಾಯಿತು. ಟಾರ್ಪಾಲು ಕಟ್ಟಿಕೊಂಡು ಕೆಲಸ ನಡೆಯಿತು. ಅಷ್ಟು ಹೊತ್ತಿಗೆ ಗೋಡೆ ಎದ್ದು, ಕಿಟಕಿ ಕೂತು, ಲಾರಿ ಮನೆಯ ಆಕಾರಕ್ಕೆ ಬಂದಿತ್ತು. ಬಂದದ್ದೇ ತಡ, ಎಲ್ಲರಿಗೂ ಅದರ ಮೇಲೆ ಆಸೆ ಹುಟ್ಟಿತು. ಬೈದುಕೊಂಡಿದ್ದವರೇ ಎಲ್ಲ ಒಬ್ಬೊಬ್ಬರಾಗಿ ಅರ್ಜಿ ಹಿಡಿದು ಬಂದರು. ನನ್ನ ಸೊಸೆ, ಮಹೇಶನ ಹೆಂಡತಿ ಸುಮಾಗೆ ಮಿಕ್ಸಿ ಇಡಲು ಕಟ್ಟೆ ಬೇಕು. ನಾದಿನಿಗೆ ಎಲೆಯಡಿಕೆ ಹಾಕಿ ಉಗುಳಲು ಅನುಕೂಲವಾದ ಕಿಟಕಿ ಬೇಕು. ಮಕ್ಕಳಿಗೆ ಉಯ್ಯಾಲೆ. "ಇದು ಲಾರಿ ಕಣ್ರೋ, ಕಲ್ಯಾಣಮಂಟಪ ಅಲ್ಲ" ಎಂದು ಮಹೇಶ ಕಿರುಚಿಕೊಂಡ. ನನಗೆ ಮನಸ್ಸು ತಣ್ಣಗಾಯಿತು. ನಾನು ಪಟ್ಟದ್ದನ್ನು ಅವನೂ ಸ್ವಲ್ಪ ಪಡಲಿ.

ಎಲ್ಲರಿಗಿಂತ ಹೆಚ್ಚು ಕಾಟ ಕೊಟ್ಟಿದ್ದು ನಮ್ಮ ಯಜಮಾನರು. ಅವರಿಗೆ ವಾಸ್ತು ಬೇಕು. ಒಲೆ ಆಗ್ನೇಯಕ್ಕೆ, ದೇವರು ಈಶಾನ್ಯಕ್ಕೆ. ಮಳೆಯಲ್ಲಿ ಕೊಡೆ ಹಿಡಿದು ನಿಂತು, ಸೂರ್ಯ ಯಾವ ಮನೆಯ ಹಿಂದಿನಿಂದ ಹುಟ್ಟುತ್ತಾನೆ ಎಂದು ಬೆರಳು ತೋರಿಸಿ, ಮೂಲೆ ಗೊತ್ತು ಮಾಡಿಸಿ, ಒಲೆಯ ಕಟ್ಟೆಯನ್ನು ಹಿಂದಿನ ಬಲಮೂಲೆಗೆ ಬೆಸುಗೆ ಹಾಕಿಸಿದರು. ಮಾರನೆಯ ದಿನ ಮಹೇಶ ಇನ್ನೊಂದು ಮಗ್ಗುಲಿಗೆ ಬಣ್ಣ ಹೊಡೆಯಬೇಕು ಎಂದು ಲಾರಿಯನ್ನು ಹೊರಕ್ಕೆ ತೆಗೆದು, ಮೂತಿಯನ್ನು ಈ ಕಡೆ ಮಾಡಿ ತಂದು ನಿಲ್ಲಿಸಿದ. ಯಜಮಾನರು ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೊರಗೆ ಬಂದು ನೋಡಿದರೆ ಒಲೆ ವಾಯವ್ಯದಲ್ಲಿ ಇದೆ.

"ಏನೋ ಇದು?"

"ಯಾವುದಪ್ಪ?"

"ಒಲೆ ಇಲ್ಲಿಗೆ ಹೇಗೆ ಬಂತೋ?"

"ಲಾರಿ ತಿರುಗಿಸ್ದೆ."

ಲಾರಿ ಅಂದ ಮೇಲೆ ತಿರುಗುತ್ತದೆ ಅನ್ನುವುದು ಅವರಿಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. ಅವರಿಗೆ ಮಾತ್ರ ಅಲ್ಲ, ಸತ್ಯ ಹೇಳಬೇಕೆಂದರೆ, ಅವರ ಜೊತೆ ಇನ್ನೊಂದು ಕೊಡೆ ಹಿಡಿದು ನಿಂತಿದ್ದ ನನಗೂ ಹೊಳೆದಿರಲಿಲ್ಲ. ಕೊನೆಗೆ, ಎಲ್ಲೇ ಹೋದರೂ ಲಾರಿಯನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಈಗಲೂ ಹಾಗೇ ಮಾಡುತ್ತಾರೆ. ಕಲ್ಲು ಮುಳ್ಳು ಏನಿದ್ದರೂ ಸರಿ, ಮುಂದೆ ಹಿಂದೆ, ಮುಂದೆ ಹಿಂದೆ ಮಾಡಿ ಉತ್ತರಕ್ಕೆ ತಿರುಗಿಸಿ ಆಮೇಲೆ ಕಾಫಿ.

ದಸರಾ ಹೊತ್ತಿಗೆ ಅವರೆಲ್ಲ ಮಕ್ಕಳನ್ನು ತುಂಬಿಕೊಂಡು ಹುಳಿಮಾವಿನ ಕೆರೆ ಹತ್ತಿರ ಟ್ರಯಲ್ ನೋಡಲು ಹೋದರು. ಲಾರಿಗೆ ಮೆಟ್ಟಿಲು ಇನ್ನೂ ಆಗಿರಲಿಲ್ಲ, ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿದರು. ಎಂದಿನಂತೆ ನಾನು ಮನೆಯಲ್ಲಿ. ವಾಪಸ್ ಬಂದಾಗ ಎಲ್ಲರ ಮೈಗೂ ಕೆಸರು. "ಅಜ್ಜಿ, ಲಾರಿ ಎಮ್ಮೆ ಥರ ನೀರಿಗೆ ಇಳಿದು ಎದ್ದು ಬಂತು!" ಎಂದಳು ಸ್ವಾತಿ. ನಾನು ಕೆಸರಿನ ಬಟ್ಟೆ ಒಗೆದೆ. ಒಗೆಯುತ್ತ, ಆಗ್ರಹ ಮಾಡಿ ಹೇಳಿಬಿಟ್ಟೆ:

"ಲಾರಿ ಕಟ್ಟಿದ್ದಾಯ್ತಲ್ಲ. ಆದ್ರೆ ನಾನು ಬರಲ್ಲ. ಸಂಜೆ ಈ ಮನೇಲಿ ದೀಪ ಹಚ್ಚೋರ್ಯಾರು?"

ಮಹೇಶನ ಮುಖ ನೋಡಬೇಕಿತ್ತು. ಇಷ್ಟು ತಿಂಗಳು ಕಬ್ಬಿಣ ಕಡಿದವನಿಗೆ ಇದೊಂದನ್ನು ಕಡಿಯಲು ಆಗಲಿಲ್ಲ. ನಮ್ಮತ್ತೆ ಅಂದರೆ ಅವನ ಅಜ್ಜಿ, ಅವರ ಮಾತು ಅವನೂ ಮೀರುವವನಲ್ಲ. ಅವತ್ತೇ ಹೋಗಿ ನಮ್ಮ ಮನೆಯ ಕಾರ್ಯ ಮಾಡಿಸುವ ಅಯ್ಯನವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ವಯಸ್ಸಾದವರು, ಬೈಕಿನಿಂದ ಇಳಿದು ಉಸಿರು ತಿರುಗಿಸಿಕೊಳ್ಳಲು ಅವರಿಗೆ ಒಂದು ಲೋಟ ಮಜ್ಜಿಗೆ ಬೇಕಾಯಿತು. ಲಾರಿಯ ಸುತ್ತ ಒಂದು ಬಳಸು ಬಂದರು. ನಿಧಾನವಾಗಿ ಕೇಳಿದರು:

"ಇದ್ರೊಳಗೆ ಒಲೆ ಇದೆಯಾ?"

"ಇದೆ, ಬುದ್ಧಿ."

"ದೇವರ ಗೂಡು?"

"ಇದೆ."

"ಹಾಗಾದ್ರೆ ಇದು ಗಾಡಿ ಹೇಗಾಗುತ್ತೆ? ಚಕ್ರಕ್ಕೆ ನಿಂಬೆಹಣ್ಣಿಟ್ಟು ಮುಗಿಸೋದಲ್ಲ. ಗೃಹಪ್ರವೇಶ ಮಾಡಿ. ಗೃಹಪ್ರವೇಶ ಆದ ಮೇಲೆ ಇದೂ ನಿಮ್ಮನೇನೇ. ಎಲ್ಲಿ ನೀವೆಲ್ಲ ಇದ್ದು ದೀಪ ಹಚ್ತೀರೋ ಅಲ್ಲಿ ಹಚ್ಚಿದ ಹಾಗೇನೇ ತಾಯಿ." ನನ್ನ ಕಡೆ ತಿರುಗಿ ಮತ್ತೆ ಹೇಳಿದರು: "ನಿಮ್ಮತ್ತೆಯವರು ದೀಪ ಇರ್ಲಿ ಅಂದ್ರು. ನಿಮ್ಮನ್ನ ಕಟ್ಟಿಹಾಕಿ ಅನ್ಲಿಲ್ಲ."

ನಾನು ಇನ್ನೊಂದು ಲೋಟ ಮಜ್ಜಿಗೆ ತರಲು ಒಳಗೆ ಹೋದೆ.

ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ ಇಟ್ಟರು. ಲಾರಿಗೆ ತಿಳಿಹಸಿರು ಬಣ್ಣ, ಕಿಟಕಿಗೆ ಪರದೆ, ಹಿಂದೆ ಬಾಗಿಲು, ಬಾಗಿಲಿಗೆ ಹೊಸ್ತಿಲೂ ಇತ್ತು. ಹೊಸ್ತಿಲಿಲ್ಲದೆ ರಂಗೋಲಿ ಎಲ್ಲಿ ಬಿಡಲಿ ಎಂದು ಸುಮಾ ಹಟ ಮಾಡಿ ಹಾಕಿಸಿದ್ದಳು. ಇನ್ನು ಆಗಬೇಕಾದ್ದು ಏನೂ ಇಲ್ಲ ಎಂದು ಮಹೇಶ ಕೈ ಒರೆಸಿಕೊಂಡು "ಹತ್ತಮ್ಮ, ನೀನೇ ಮೊದ್ಲು ನೋಡು" ಎಂದ.

ಹತ್ತುವುದು ಎಲ್ಲಿಂದ? ಬಾಗಿಲು ನನ್ನ ಎದೆಯ ಎತ್ತರದಲ್ಲಿ ಇದೆ. ಕೆಳಗೆ ಒಂದು ಕಬ್ಬಿಣದ ಏಣಿ, ಗೋಡೆಗೆ ಒರಗಿಸಿದ ಹಾಗೆ ನೆಟ್ಟಗೆ. ನನ್ನ ಮಂಡಿಗಳು ಆ ವೇಳೆಗಾಗಲೇ ಬಸ್ಸಿನ ಮೆಟ್ಟಿಲಿಗೇ ಅಳುತ್ತಿದ್ದವು. ಒಂದು ಮೆಟ್ಟಿಲು ಹತ್ತಿದೆ. ಎರಡನೆಯದಕ್ಕೆ ಕಾಲು ಎತ್ತಿದೆ, ಅಲ್ಲೇ ಸಿಕ್ಕಿಕೊಂಡೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಎದುರುಮನೆ ಮೇಷ್ಟರು ಪೇಪರು ಮಡಿಚಿ ನೋಡುತ್ತಿದ್ದಾರೆ. ಸತೀಶ ಓಡಿ ಬಂದು "ಇರಮ್ಮ, ಎತ್ತಿ ಹತ್ತಿಸ್ತೀವಿ" ಎಂದ.

"ನಾನೇನು ರಾಗಿ ಮೂಟೇನೇನೋ? ಇಳಿಸ್ರೋ ಕೆಳಗೆ!"

ಇಳಿಸಿದರು. ನನಗೆ ಎಂಥಾ ಕೋಪ ಬಂತೆಂದರೆ, ಕಣ್ಣಲ್ಲಿ ನೀರೂ ಅದರ ಜೊತೆಗೇ ಬಂತು. ಒಂದು ವರ್ಷ ನನ್ನ ಹಿಟ್ಟು ಕೆಡಿಸಿ, ನನ್ನ ಕಿವಿ ಕೆಡಿಸಿ, ನಿನಗೋಸ್ಕರ ನಿನಗೋಸ್ಕರ ಎಂದು ಕುಣಿದು, ಕೊನೆಗೆ ನಾನೊಬ್ಬಳು ಹತ್ತಲಾರದ ಮನೆ ಕಟ್ಟಿದ್ದಾನೆ! ಮಿಕ್ಸಿಗೆ ಜಾಗ ಇದೆ, ಎಲೆಯಡಿಕೆಗೆ ಕಿಟಕಿ ಇದೆ.

"ಸರಿಬಿಡ್ರಪ್ಪ. ನಾನೇ ಮನೆ ನೋಡ್ಕೋತೀನಿ. ನೀವು ಹೋಗ್ಬನ್ನಿ" ಎಂದೆ. ಎಷ್ಟೋ ವರ್ಷದಿಂದ ಹೇಳಿ ರೂಢಿಯಾದ ಮಾತು, ಬಾಯಿಗೆ ತಾನಾಗಿ ಬಂತು. ಮಹೇಶ ಏಣಿಯನ್ನೇ ನೋಡುತ್ತ ನಿಂತ. ಅವನಿಗೆ ಬೈಯಲು ಇನ್ನೂ ಬೇಕಾದಷ್ಟಿತ್ತು. ಆ ಮುಖ ನೋಡಿ ನುಂಗಿಕೊಂಡೆ.

ಅವತ್ತೇ ಸಾಯಂಕಾಲ ಹಿಂದಿನ ಬೀದಿಯ ಮುನಿಯಮ್ಮ ಬಂದಳು. ಗೃಹಪ್ರವೇಶದಲ್ಲಿ ಮೊದಲು ಹಸು ಮನೆ ಹೊಗಬೇಕಲ್ಲ, ಅವಳ ಹಸುವಿಗೆ ಹೇಳಿದ್ದೆವು. ಲಾರಿ ನೋಡಿ ಅವಳು ಕೆನ್ನೆಗೆ ಕೈ ಹಚ್ಚಿಕೊಂಡಳು.

"ಮಹೇಶಣ್ಣ, ಇದಕ್ಕಾ ನಮ್ಮ ಪುಟ್ಟೀನ ಹತ್ತಿಸೋದು? ಹಸು ಏಣಿ ಹತ್ತುತ್ತಾ?"

"ಹತ್ತಲ್ವಾ?"

"ಹತ್ತೋದಾಗಿದ್ರೆ ನಾನು ಸರ್ಕಸ್ನಲ್ಲಿ ಇರ್ತಿದ್ದೆ. ಇಳಿಜಾರು ಹಲಗೆ ಹಾಕ್ಸು. ಕಡಿದಾಗಿರ್ಬಾರ್ದು. ಕಾಲು ಜಾರ್ಬಾರ್ದು. ನಮ್ಮ ಪುಟ್ಟಿ ಗಬ್ಬ."

ಬೆಳಗಾಗುವುದರೊಳಗೆ ಹಲಗೆ ತಯಾರು! ಕಬ್ಬಿಣದ ಚೌಕಟ್ಟು, ಮೇಲೆ ಮರದ ಪಟ್ಟಿ, ಗೊರಸು ಜಾರದ ಹಾಗೆ ನಮ್ಮ ಗಿರಣಿಯ ಗೋಣಿಚೀಲ ಹೊಡೆದಿದ್ದಾನೆ. ಉದ್ದಕ್ಕೆ, ಮೆತ್ತಗೆ, ಗುಡ್ಡದ ದಾರಿ ಹಾಗೆ. ಹಿಡಿದುಕೊಳ್ಳಲು ಪಕ್ಕದಲ್ಲಿ ಕಂಬಿ ಬೇರೆ. ಹಸು ಕಂಬಿ ಹಿಡಿದುಕೊಳ್ಳುತ್ತದೆಯೇ ಎಂದು ಕೇಳಬೇಕೆನ್ನಿಸಿತು. ನನ್ನ ಮಂಡಿಗೆ ಯಾರಿಗೂ ಹೊಳೆಯದ ಉಪಾಯ ಹಸುವಿನ ಕಾಲಿಗೆ ಹೊಳೆದಿತ್ತು.

ಮನೆಯೊಡತಿ ದೀಪ ಹಿಡಿದು ಹಸುವಿನ ಹಿಂದೆ ಹೋಗಬೇಕು. "ಸುಮಾ ಹಿಡೀಲಿ" ಎಂದೆ. ಸುಮಾ "ನಂಗೆ ಹಾಲು ಕಾಯಿಸೋ ಕೆಲ್ಸ ಇದೆ ಅತ್ತೆ" ಎಂದು ಜಾರಿಕೊಂಡಳು. ದೀಪ ನನ್ನ ಕೈಗೇ ಬಂತು. ಮುನಿಯಮ್ಮ ಮುಂದೆ ಹಗ್ಗ ಹಿಡಿದು "ಬಾ ಪುಟ್ಟಿ, ಬಾ ನನ್ನವ್ವ" ಎಂದು ಕರೆದಳು. ಹಸು ಹಲಗೆಯನ್ನು ಮೂಸಿತು. ನಮ್ಮ ಗೋಣಿಯಲ್ಲಿ ಬೂಸಾ ವಾಸನೆ ಇದ್ದಿರಬೇಕು, ತಲೆ ತಗ್ಗಿಸಿ, ಮೂಸುತ್ತ ಮೂಸುತ್ತ ನಡೆದುಬಿಟ್ಟಿತು. ನಾನು ಒಂದು ಅಂಗೈ ದೀಪಕ್ಕೆ ಅಡ್ಡ ಹಿಡಿದು, ಗಾಳಿಗೆ ಆರಿಹೋದೀತೆಂದು ಅದನ್ನೇ ನೋಡುತ್ತ ಅದರ ಬಾಲದ ಹಿಂದೆ ಹೊರಟೆ. ಹತ್ತಿದೆ ಅನ್ನುವುದು ಹತ್ತಿದ ಮೇಲೆ ಗೊತ್ತಾಯಿತು. ಹೊಸ್ತಿಲು ದಾಟಿ ತಿರುಗಿ ನೋಡುತ್ತೇನೆ, ಎಲ್ಲರ ತಲೆ ಕೆಳಗಿದೆ. ಗಿರಣಿಯ ಶೀಟು ಕಾಣುತ್ತಿದೆ, ಮೇಷ್ಟರ ಬೋಳು ಮಂಡೆ ಕಾಣುತ್ತಿದೆ. ಮಹೇಶ ಕಂಬಿಯನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದಾನೆ, ಅದು ಮುರಿದು ಬೀಳುತ್ತದೆ ಅನ್ನುವ ಹಾಗೆ.

ಅಷ್ಟರಲ್ಲಿ ಹಸು ಒಳಗೆ ಸಗಣಿ ಹಾಕಿತು. "ಶುಭ, ಶುಭ!" ಎಂದರು ಅಯ್ಯನವರು. ಮಹೇಶ "ಅಯ್ಯೋ, ಹೊಸ ಮ್ಯಾಟು!" ಎಂದ. ಆಗ ನಕ್ಕೆ ನಾನು. ವರ್ಷಕ್ಕೆ ಒಂದೇ ನಗು, ಹಸುವಿನ ಬಾಲದ ಮರೆಯಲ್ಲಿ.

ಹೊರಡುವ ಬೆಳಿಗ್ಗೆ ಬಂತು. ಬೇಗ ಎದ್ದು ಪೂಜೆ ಮುಗಿಸಿ, ನಾನೂ ಎಲ್ಲರ ಹಾಗೆ ಹಸುವಿನ ದಾರಿಯಲ್ಲಿ ಹತ್ತಿ ಕೂತೆ. ಗಿರಣಿಯ ಶಟರ್ ಎಳೆದದ್ದಾಯಿತು. ಲಾರಿ ಗುರುಗುಟ್ಟಿತು. ಮಹೇಶ ಕತ್ತು ಹೊರಗೆ ಹಾಕಿ ಕೂಗಿದ: "ಅಮ್ಮ, ಮನೆ ಬೀಗ ಹಾಕಿದ್ಯಾ?"

"ಯಾವ ಬೀಗ?"

ಲಾರಿ ಆಫ್ ಆಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಮನೆಗೆ ಬೀಗವೇ ಇರಲಿಲ್ಲ. ಒಳಗಿನ ಚಿಲಕ ಇದೆ, ಹೊರಗೆ ಬೀಗ ಸಿಕ್ಕಿಸಲು ಒಂದು ಕೊಂಡಿಯೂ ಇಲ್ಲ. ಯಾಕಿರುತ್ತದೆ? ಮನೆ ಕಟ್ಟಿದಾಗಿನಿಂದ ಅತ್ತೆ ಇದ್ದರು, ಆಮೇಲೆ ನಾನಿದ್ದೆ. ಆ ಬಾಗಿಲಿಗೆ ನಾವೇ ಬೀಗ.

"ಹಾಗಾದ್ರೆ ನಾನು ಇಳಿದು..." ಎಂದು ಎದ್ದೆ.

"ಕೂತ್ಕೋ!" ಎಂದರು ಯಜಮಾನರು. ಮದುವೆಯಾದ ಮೇಲೆ ಅಷ್ಟು ಜೋರಾಗಿ ನನ್ನ ಗದರಿಸಿದ್ದು ಅದೇ ಮೊದಲು. ಆಮೇಲೆ ಮೆತ್ತಗೆ "ಕೂತ್ಕೋಳೇ, ಹುಡುಗ್ರು ನೋಡ್ಕೋತಾರೆ" ಎಂದರು.

ಮಹೇಶ ಡ್ರಿಲ್ ತೆಗೆದುಕೊಂಡು ಹೋಗಿ, ಇದ್ದ ಬಾಗಿಲಿಗೆ ತೂತು ಹೊಡೆದು, ಕೊಂಡಿ ಕೂರಿಸಿದ. ಬೀಗ? ಲಾರಿಯ ಬಾಗಿಲಿಗೆಂದು ತಂದಿದ್ದ ಹೊಸಾ ಬೀಗವನ್ನೇ ಬಿಚ್ಚಿ ಮನೆಗೆ ಹಾಕಿದ. "ಲಾರಿಗೆ?" ಎಂದು ಸತೀಶ ಕೇಳಿದ. "ಲಾರಿಗೆ ಯಾಕೆ ಬೀಗ? ನಾವೆಲ್ಲ ಅದ್ರೊಳಗೇ ಇರ್ತೀವಲ್ಲೋ" ಎಂದು ಬೀಗದ ಕೈ ತಂದು ನನ್ನ ಕೈಗೆ ಕೊಟ್ಟ. ಸೆರಗಿನ ತುದಿಗೆ ಕಟ್ಟಿಕೊಂಡೆ. ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿದೆ.

ಕನಕಪುರ ದಾಟಿ, ಡಾಂಬರು ಮುಗಿದು, ಮಣ್ಣು ಮುಗಿದು, ದಾರಿಯೇ ಇಲ್ಲದ ಕಡೆ ಲಾರಿ ಕಲ್ಲು ಹತ್ತಿ ಇಳಿದು ಹೋಯಿತು. ಪಾತ್ರೆಗಳೆಲ್ಲ ಕುಣಿದವು. ನಾದಿನಿ ಎಲೆಯಡಿಕೆ ನುಂಗಿಬಿಟ್ಟಳು. ನಾನು "ನಿಧಾನಕ್ಕೋ, ನಿಧಾನಕ್ಕೋ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಹೊಳೆಯ ದಂಡೆಯಲ್ಲಿ ಒಂದು ದೊಡ್ಡ ಮತ್ತಿಮರದ ಕೆಳಗೆ ನಿಂತೆವು. ನಿಂತ ಮೇಲೆ ಯಜಮಾನರು ಉತ್ತರ ಹುಡುಕಿದರು, ಲಾರಿಯನ್ನು ತಿರುಗಿಸಿ ತಿರುಗಿಸಿ ಮಹೇಶನ ತೋಳು ಬಿದ್ದುಹೋಯಿತು. ಎಲ್ಲರೂ ಹಲಗೆ ಇಳಿದು ನೀರಿಗೆ ಓಡಿದರು. ನಾನೂ ಇಳಿದೆ. ಸೀರೆ ಸ್ವಲ್ಪ ಎತ್ತಿ, ಕಾಲು ಅದ್ದಿದೆ. ತಣ್ಣಗಿತ್ತು. ಇಷ್ಟೇನಾ, ಎನ್ನಿಸಿತು. ಇಷ್ಟೊಂದಾ, ಅಂತಲೂ ಎನ್ನಿಸಿತು.

ಅಲ್ಲಿ ಗೊತ್ತಾಯಿತು, ಕ್ಯಾಮರಾ ಮನೆಯಲ್ಲಿ ಟೀವಿಯ ಮೇಲೇ ಉಳಿದಿದೆ ಎಂದು. ಯಾವ ಫೋಟೋಗೋಸ್ಕರ ಇಷ್ಟೆಲ್ಲ ಆಯಿತೋ ಆ ಫೋಟೋ ತೆಗೆಯುವ ಡಬ್ಬಿ ಬೀಗದೊಳಗೆ. ಬೀಗದ ಕೈ ನನ್ನ ಸೆರಗಲ್ಲಿ. ಮಹೇಶ ತಲೆ ಹಿಡಿದುಕೊಂಡ. ಅವನಿಗೆ ಬೈಯಲು ನನಗೆ ಮನಸ್ಸೇ ಬರಲಿಲ್ಲ. ಹೊಟ್ಟೆ ಹಸಿದಿತ್ತು, ಅದಕ್ಕಿರಬೇಕು.

ಹೊತ್ತು ಇಳಿಯಿತು. ಲಾರಿಯ ದೇವರ ಗೂಡಿನಲ್ಲಿ ದೀಪ ಹಚ್ಚಿದೆ. ಅದರ ಬೆಳಕು ಕಿಟಕಿಯಿಂದ ಹೊರಗೆ ಬಿದ್ದಿತ್ತು. ಹೊಸ ಅವರೆಕಾಳಿನ ಸಾರು ಮಾಡಿದ್ದೆ, ನಮ್ಮ ಗಿರಣಿಯ ರಾಗಿಹಿಟ್ಟಿನ ಮುದ್ದೆ. ಎಲ್ಲರೂ ಚಾಪೆ ಹಾಸಿ ದುಂಡಗೆ ಕೂತರು. ಬಡಿಸಿದೆ. ಯಜಮಾನರಿಗೆ, ಮಕ್ಕಳಿಗೆ, ನಾದಿನಿಗೆ, ಸುಮಾಗೆ. ನನ್ನ ತಟ್ಟೆಯೂ ಹಾಕಿಕೊಂಡೆ. ಹಾಕಿಕೊಂಡು, ಕೈ ಅಭ್ಯಾಸದ ಮೇಲೆ, ಇನ್ನೊಂದು ತಟ್ಟೆ ತೆಗೆದು ಅದಕ್ಕೊಂದು ಮುದ್ದೆ ಇಟ್ಟು, ಸಾರು ಬಿಟ್ಟು, ಮೇಲೊಂದು ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟೆ.

"ಅತ್ತೆ, ಅದ್ಯಾರಿಗೆ?" ಎಂದಳು ಸುಮಾ.

"ಇನ್ಯಾರಿಗೆ, ಮನೇಲಿರೋರ..." ಎಂದವಳು ಅಲ್ಲಿಗೇ ನಿಲ್ಲಿಸಿದೆ.

ಸ್ವಾತಿ ಎದ್ದು ಬಂದಳು. ಮುಚ್ಚಿದ ತಟ್ಟೆ ತೆಗೆದು, ಆ ಪಾಲನ್ನು ಎರಡು ಕೈಯಲ್ಲಿ ಹಿಡಿದು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಅದೂ ನಿಂದೇ ಅಜ್ಜಿ. ತಿನ್ನು."

"ಎರಡು ಮುದ್ದೆ ಯಾರೇ ತಿಂತಾರೆ? ನನ್ನ ಹೊಟ್ಟೆ ಏನು ಲಾರೀನಾ?" ಎಂದು ರೇಗಿದೆ. ಎಲ್ಲರೂ ಗೊಳ್ಳೆಂದು ನಕ್ಕರು. ಮಹೇಶ ತಟ್ಟೆಗೆ ತಲೆ ಬಗ್ಗಿಸಿಕೊಂಡು ತಿನ್ನುತ್ತಲೇ ಇದ್ದ. ನಾನು ಆ ಎರಡನೇ ಮುದ್ದೆಯನ್ನೇ ಮೊದಲು ಮುರಿದೆ. ಮನೇಲಿರೋರ ಪಾಲು ಅಷ್ಟು ವರ್ಷದಲ್ಲಿ ಬಿಸಿಯಾಗಿ ತಿಂದದ್ದು ಅದೇ ಮೊದಲು. ಬೆರಳು ಸುಟ್ಟಿತು.